ಬಸ್ಸಿನಲ್ಲಿ ಮಾತ್ರ ಕೇಳುತ್ತಿದ್ದ ಕಿವಿ

ಅಮ್ಮನಿಗೆ ಬಸ್ಸಿನಲ್ಲಿ ಚೆನ್ನಾಗಿ ಕೇಳುತ್ತಿತ್ತು, ಮನೆಯಲ್ಲಿ ಕೇಳುತ್ತಿರಲಿಲ್ಲ. ಅರಸೀಕೆರೆಯಿಂದ ತಿಪಟೂರಿಗೆ ಹೋಗುವ ಕೆಂಪು ಬಸ್ಸಿನಲ್ಲಿ ಇಂಜಿನ್ ಎಷ್ಟೇ ಗುಡುಗಲಿ, ಕಿಟಕಿಯ ಗಾಜು ಎಷ್ಟೇ ಗಡಗಡ ಎನ್ನಲಿ, ನಾನು ಹೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಡುತ್ತಿದ್ದಳು. ಮನೆಗೆ ಬಂದ ಮೇಲೆ, ಮಧ್ಯಾಹ್ನ ಬೀದಿಯೆಲ್ಲ ತಣ್ಣಗಿದ್ದಾಗ, ನಡುಮನೆಯಿಂದ ಕೂಗಿದರೆ ಅಡುಗೆಮನೆಯಿಂದ ಸದ್ದೇ ಇಲ್ಲ. "ಅವಳಿಗೆ ಬೇಕಾದ್ದು ಕೇಳುತ್ತೆ, ಬೇಡದ್ದು ಕೇಳಲ್ಲ" ಎಂದು ಅಜ್ಜಿ ಹೇಳುತ್ತಿದ್ದರು. ನಾವು ಮಕ್ಕಳೂ ಅದನ್ನೇ ನಂಬಿದೆವು. ಹತ್ತಿರ ಹತ್ತಿರ ಇಪ್ಪತ್ತು ವರ್ಷ ನಂಬಿದೆವು. ಇವತ್ತಿಗೂ ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಅಮ್ಮ ನಾಟಕ ಆಡುತ್ತಿರಲಿಲ್ಲ. 17ನೇ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್, ಪಕ್ಕದಲ್ಲಿ ಡೋಲು ಬಡಿಯುತ್ತಿದ್ದಾಗ ಮಾತ್ರ ಮಾತು ಕೇಳಿಸಿಕೊಳ್ಳುತ್ತಿದ್ದ ಒಬ್ಬ ಹೆಂಗಸಿನ ಬಗ್ಗೆ ಬರೆದಿಟ್ಟಿದ್ದಾನೆ. ಕಾರಣ ಸರಳ. ಗದ್ದಲದಲ್ಲಿ ಎಲ್ಲರೂ ದನಿ ಏರಿಸಿ ಮಾತಾಡುತ್ತಾರೆ. ಒಳಗಿನ ನರ ಗಟ್ಟಿಯಾಗಿದ್ದು ಹಾದಿಯಲ್ಲಿ ಮಾತ್ರ ತಡೆ ಇರುವ ಕಿವಿಗೆ ಆ ಗದ್ದಲ ತಲುಪುವುದಿಲ್ಲ, ಏರಿಸಿದ ದನಿ ತಲುಪುತ್ತದೆ. ನಾನು ಬಸ್ಸಿನಲ್ಲಿ ಕೂಗಿ ಮಾತಾಡುತ್ತಿದ್ದೆ, ಅಷ್ಟೇ. ಮನೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದೆ.

ಇದು ನನಗೆ ತಿಳಿಯುವಷ್ಟರಲ್ಲಿ ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಹತ್ತು ವರ್ಷವಾಗಿತ್ತು. ಕೆಲಸವೂ ಒಂದು ಬಗೆಯಲ್ಲಿ ಕೇಳಿಸಿಕೊಳ್ಳುವುದೇ. ಓಡುತ್ತಿರುವ ಪ್ರೋಗ್ರಾಮು ಎಲ್ಲಿ ಸಮಯ ಕಳೆಯುತ್ತಿದೆ, ಎಲ್ಲಿ ಕಾಯುತ್ತಾ ನಿಂತಿದೆ, ಯಾವ ಫಂಕ್ಷನ್ನು ಸುಮ್ಮನೆ ಸಾವಿರ ಸಲ ಕರೆಯಿಸಿಕೊಳ್ಳುತ್ತಿದೆ ಎಂದು ಹೇಳುವ ಪ್ರೊಫೈಲರ್ ಎಂಬ ಸಲಕರಣೆಯನ್ನು ನಾವು ಕಟ್ಟುತ್ತಿದ್ದೆವು. ಆ ಕೆಲಸದಲ್ಲಿ ನನಗಾದ ದೊಡ್ಡ ಪೆಟ್ಟನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಕಿವಿಯ ವಿಷಯ ನನಗೆ ಅರ್ಥವಾದದ್ದೇ ಅದರ ಮೂಲಕ.

ಒಬ್ಬ ಗ್ರಾಹಕರ ಸರ್ವರು ರಾತ್ರಿ ಎರಡರ ಹೊತ್ತಿಗೆ ನಿಂತುಬಿಡುತ್ತಿತ್ತು. ನಮ್ಮ ಸಲಕರಣೆ ಪ್ರತಿ ಫಂಕ್ಷನ್ನಿನ ಬಾಗಿಲಲ್ಲಿ ಒಂದು, ಹೊರಬಾಗಿಲಲ್ಲಿ ಒಂದು ಕಾವಲು ಇಟ್ಟು, ಒಳಗೆ ಹೋದದ್ದು ಹೊರಗೆ ಬಂದದ್ದು ಎಲ್ಲವನ್ನೂ ಬರೆದುಕೊಳ್ಳುತ್ತಿತ್ತು. ಅದನ್ನು ಹಾಕಿ ಮೂರು ರಾತ್ರಿ ಕಾದೆವು. ಮೂರೂ ರಾತ್ರಿ ಸರ್ವರು ನಿಲ್ಲಲಿಲ್ಲ. ದೋಷ ಕಾಣುತ್ತಿಲ್ಲ ಎಂದು ವರದಿ ಬರೆದು ಸಹಿ ಹಾಕಿದವಳು ನಾನೇ. ಸಲಕರಣೆ ತೆಗೆದ ರಾತ್ರಿಯೇ ಸರ್ವರು ಮತ್ತೆ ನಿಂತಿತು. ನಮ್ಮ ಕಾವಲುಗಾರರ ಭಾರಕ್ಕೆ ಪ್ರೋಗ್ರಾಮು ನಾಲ್ಕು ಪಟ್ಟು ನಿಧಾನವಾಗಿತ್ತು. ಒಂದೇ ಕ್ಷಣದಲ್ಲಿ ಒಂದು ಹಿಡಿದ ಬೀಗಕ್ಕೆ ಇನ್ನೊಂದು ಕಾಯುತ್ತಾ ಸಿಕ್ಕಿಹಾಕಿಕೊಳ್ಳುತ್ತಿದ್ದ ಎರಡು ಥ್ರೆಡ್‌ಗಳು, ಅಂದರೆ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಎಳೆಗಳು, ಈಗ ಬೇರೆ ಬೇರೆ ಹೊತ್ತಿಗೆ ಬಂದು ಹೋಗುತ್ತಿದ್ದವು. ಅಂದರೆ ನಾವು ಮೂರು ರಾತ್ರಿ ನೋಡಿದ್ದು ಅವರ ಪ್ರೋಗ್ರಾಮನ್ನಲ್ಲ, ನಮ್ಮ ಭಾರ ಹೊತ್ತ ಇನ್ನೊಂದು ಪ್ರೋಗ್ರಾಮನ್ನು.

ಅಲ್ಲಿಂದ ನಾನು ಹಗುರ ಮಾಡುವುದರ ಹಿಂದೆ ಬಿದ್ದೆ. ಪ್ರತಿ ಬಾಗಿಲಲ್ಲಿ ಕಾವಲು ಇಡುವ ಬದಲು, ಸೆಕೆಂಡಿಗೆ ನೂರು ಸಲ ಇಣುಕಿ ನೋಡಿ, ಪ್ರೋಗ್ರಾಮು ಆಗ ಎಲ್ಲಿದೆ ಎಂದು ಗುರುತು ಹಾಕಿಕೊಂಡು ಬರುವುದು ಹಳೆಯ ಉಪಾಯ. ಅದಕ್ಕೆ ನಾವು ಒಂದು ಸೇರಿಸಿದೆವು: ಸಲಕರಣೆ ತನ್ನ ಖರ್ಚನ್ನು ತಾನೇ ಅಳೆದುಕೊಳ್ಳುತ್ತಿರಬೇಕು, ಮಿತಿ ದಾಟಿದ ಕೂಡಲೇ ಇಣುಕುವುದನ್ನು ಕಡಿಮೆ ಮಾಡಬೇಕು. ಕಂಪನಿ ಇದಕ್ಕೆ ಪೇಟೆಂಟ್ ಹಾಕೋಣ ಎಂದಿತು.

ಪೇಟೆಂಟ್ ಎಂದರೆ ಗೋಡೆಗೆ ತೂಗುಹಾಕುವ ಫಲಕ ಎಂದಷ್ಟೇ ನಾನು ತಿಳಿದಿದ್ದೆ. ಪೇಟೆಂಟ್ ಏಜೆಂಟರ ಜೊತೆ ಕೂತ ಮೊದಲ ದಿನವೇ ಆ ತಿಳಿವಳಿಕೆ ಹೋಯಿತು. ಅವರು ನನ್ನ ಇಪ್ಪತ್ತು ಪುಟದ ಟಿಪ್ಪಣಿಯನ್ನು ಪಕ್ಕಕ್ಕಿಟ್ಟು ಕೇಳಿದರು: "ಮೇಡಂ, ಇದರಲ್ಲಿ ಯಾವುದನ್ನು ತೆಗೆದರೆ ಇದು ನಿಮ್ಮದಾಗಿ ಉಳಿಯೋದಿಲ್ಲ? ಅದನ್ನು ಒಂದೇ ವಾಕ್ಯದಲ್ಲಿ ಹೇಳಿ." ಆ ಒಂದು ವಾಕ್ಯಕ್ಕೆ ಎರಡು ವಾರ ಹಿಡಿಯಿತು. ಕ್ಲೇಮ್ ಎನ್ನುವುದು ಅದನ್ನೇ. ಒಂದು ಪದ ಹೆಚ್ಚಾದರೆ ನಿಮ್ಮ ಬೇಲಿ ಒಳಕ್ಕೆ ಸರಿಯುತ್ತದೆ, ಒಂದು ಪದ ಕಡಿಮೆಯಾದರೆ ಇನ್ನೊಬ್ಬರ ಹೊಲದ ಮೇಲೆ ಬೀಳುತ್ತದೆ.

ನಮ್ಮದು ಬಿದ್ದಿತು. ಅಮೆರಿಕದ ಪರೀಕ್ಷಕರು ಹಳೆಯ ಬರಹಗಳನ್ನು ಮುಂದಿಟ್ಟು ಮೊದಲ ಕ್ಲೇಮನ್ನು ತಿರಸ್ಕರಿಸಿದರು. ನನಗೆ ಸಿಟ್ಟು ಬಂತು. ಆಮೇಲೆ ಆ ಬರಹಗಳನ್ನು ಒಂದೊಂದಾಗಿ ಓದಿದೆ. ಬರ್ಕ್ಲಿ ವಿಶ್ವವಿದ್ಯಾಲಯದವರು 1982ರಲ್ಲೇ ಜಿಪ್ರಾಫ್ ಎಂಬ ಪ್ರೊಫೈಲರ್ ಬಗ್ಗೆ ಬರೆದ ಪ್ರಬಂಧವನ್ನು ಪೂರ್ತಿ ಓದಿದ್ದು ಆಗಲೇ. ಅದುವರೆಗೆ ದಿನಾ ಬಳಸುತ್ತಿದ್ದೆ, ಓದಿರಲಿಲ್ಲ. ಪೇಟೆಂಟ್ ಪಡೆದ ಸಲಕರಣೆಗಳೂ ಇದ್ದವು. ಕಂಪೈಲಾದ ಕೋಡಿನೊಳಗೇ ಕಾವಲು ತೂರಿಸಿ ಮೆಮೊರಿಯ ತಪ್ಪು ಹಿಡಿಯುವ ಪ್ಯೂರಿಫೈ ಎಂಬುದಕ್ಕೆ ರೀಡ್ ಹೇಸ್ಟಿಂಗ್ಸ್ 1993ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದರು. ಮುಂದೆ ನೆಟ್‌ಫ್ಲಿಕ್ಸ್ ಕಟ್ಟಿದವರಲ್ಲಿ ಒಬ್ಬರಾದದ್ದು ಇವರೇ. ಇದನ್ನೆಲ್ಲ ಓದಿದ ಮೇಲೆ ನಮ್ಮ ಪಾಲಿನದು ಎಷ್ಟು ಚಿಕ್ಕದು, ಆದರೆ ಎಷ್ಟು ಖಚಿತ ಎಂಬುದು ಕಂಡಿತು. ಕ್ಲೇಮನ್ನು ಚಿಕ್ಕದು ಮಾಡಿ ಬರೆದೆವು. ಮೂರು ವರ್ಷ ದಾಟಿದ ಮೇಲೆ ಸಿಕ್ಕಿತು.

ಭಾರತದಲ್ಲಿ ಇದರ ದಾರಿ ಬೇರೆ. 1970ರ ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮಿನ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮು ಬರೀ ಪ್ರೋಗ್ರಾಮಾಗಿ ಆವಿಷ್ಕಾರವಲ್ಲ. ಅದರಿಂದ ತಾಂತ್ರಿಕವಾಗಿ ಏನಾಯಿತು ಎಂಬುದನ್ನು ತೋರಿಸಬೇಕು. ಕರ್ನಾಟಕದವರ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಅದೇ ಪಟ್ಟಿಯಲ್ಲಿ 3(ಐ) ಎಂಬ ಇನ್ನೊಂದು ಕಲಮಿದೆ: ಮನುಷ್ಯರಿಗೆ ಮಾಡುವ ಶಸ್ತ್ರಚಿಕಿತ್ಸೆಯ ವಿಧಾನಕ್ಕೆ ಪೇಟೆಂಟ್ ಇಲ್ಲ. ಕಿವಿಯೊಳಗೆ ಇಡುವ ಸಾಧನಕ್ಕೆ ಪೇಟೆಂಟ್ ಸಿಗಬಹುದು, ಅದನ್ನು ಇಡುವ ಡಾಕ್ಟರ ಕೈಚಳಕಕ್ಕೆ ಸಿಗುವುದಿಲ್ಲ. ಈ ಗೆರೆ ಸರಿಯಾದ ಜಾಗದಲ್ಲಿದೆ ಎಂದು ನಾನು ಮನಸಾರೆ ನಂಬುತ್ತೇನೆ. ಒಂದು ಜೀವಕ್ಕೆ ಆಗುವ ಉಪಕಾರದ ಮಧ್ಯೆ ಇನ್ನೊಬ್ಬರ ಅನುಮತಿ ಬಂದು ನಿಲ್ಲಬಾರದು.

ಅಮ್ಮನನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದದ್ದು ಆ ದಿನಗಳಲ್ಲೇ. 1965ರಿಂದ ಅಲ್ಲಿ ಇದೇ ಕೆಲಸ ನಡೆಯುತ್ತಿದೆ. ಅಲ್ಲಿಯ ಹುಡುಗಿಯೊಬ್ಬಳು ಶ್ರುತಿಕವೆಯನ್ನು ತಟ್ಟಿ ಅಮ್ಮನ ಕಿವಿಯ ಮುಂದೆ ಹಿಡಿದಳು. ಅಮ್ಮ ತಲೆ ಆಡಿಸಿದಳು, ಇಲ್ಲ. ಅದೇ ಕವೆಯ ಕಾಲನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದಳು. ಅಮ್ಮನ ಕಣ್ಣು ಅರಳಿದವು. "ಕೇಳ್ತಾ ಇದೆ, ತಂಬೂರಿ ಥರ" ಎಂದಳು. ಗಾಳಿಯ ಹಾದಿ ಮುಚ್ಚಿದೆ, ಮೂಳೆಯ ಹಾದಿ ತೆರೆದಿದೆ. ಅಂದರೆ ಒಳಕಿವಿ ಚೆನ್ನಾಗಿದೆ.

ಕಿವಿತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳಿವೆ: ಸುತ್ತಿಗೆ, ಅಡಿಗಲ್ಲು, ರಿಕಾಪು. ರಿಕಾಪು ಮೂರೇ ಮಿಲಿಮೀಟರ್, ದೇಹದ ಅತಿ ಚಿಕ್ಕ ಮೂಳೆ. ಅದರಾಚೆ ಇರುವುದು ಒಳಕಿವಿಯ ದ್ರವ ತುಂಬಿದ ಕಾಕ್ಲಿಯ. ಗಾಳಿಯಲ್ಲಿ ಬಂದ ಶಬ್ದ ನೇರವಾಗಿ ದ್ರವಕ್ಕೆ ಬಡಿದರೆ 1000ರಲ್ಲಿ 999 ಪಾಲು ಹಿಂದಕ್ಕೇ ಪುಟಿಯುತ್ತದೆ. ಕೆರೆಯಲ್ಲಿ ಮುಳುಗಿದವನಿಗೆ ದಡದ ಮಾತು ಕೇಳದ ಹಾಗೆ. ತಮಟೆಯ ಅಗಲದ ಮೇಲೆ ಬಿದ್ದ ಒತ್ತಡವನ್ನು ರಿಕಾಪಿನ ಸಣ್ಣ ಪಾದಕ್ಕೆ ತಂದು ಸುಮಾರು 20 ಪಟ್ಟು ಹೆಚ್ಚಿಸುವುದು ಈ ಮೂರು ಮೂಳೆಗಳ ಕೆಲಸ. ಅಮ್ಮನ ರಿಕಾಪಿನ ಪಾದದ ಸುತ್ತ ಹೊಸ ಮೂಳೆ ಬೆಳೆದು ಅದನ್ನು ಬಿಗಿದುಹಾಕಿತ್ತು. ಓಟೋಸ್ಕ್ಲಿರೋಸಿಸ್ ಎಂದರು. ಹೆಂಗಸರಲ್ಲಿ ಹೆಚ್ಚು, ಮನೆತನದಲ್ಲೂ ಬರುತ್ತದೆ.

ಆ ರಾತ್ರಿ ನಾನು ಹೊಸ ಕಲಿಕೆಯ ಹುಮ್ಮಸ್ಸಿನಲ್ಲಿ ಮಧ್ಯಕಿವಿಯ ಇಂಪ್ಲಾಂಟ್‌ಗಳ ಪೇಟೆಂಟುಗಳನ್ನು ಓದುತ್ತಾ ಕೂತೆ. ಸಿಕ್ಕಿದ್ದು ಜೆಫ್ರಿ ಬಾಲ್ ಅವರದ್ದು. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಕಳೆದುಕೊಂಡ ಕ್ಯಾಲಿಫೋರ್ನಿಯಾದ ಈ ಎಂಜಿನಿಯರ್, ಹಾಕಿಕೊಂಡ ಯಾವ ಶ್ರವಣಯಂತ್ರವೂ ಸರಿಬರದೆ, ತನಗೆ ಬೇಕಾದ್ದನ್ನು ತಾನೇ ಮಾಡಲು ಹೊರಟವರು. 1993ರಲ್ಲಿ ಅರ್ಜಿ, 1995ರಲ್ಲಿ ಪೇಟೆಂಟ್. ಅವರಿಗಿಂತ ಮುಂಚಿನವರು ಮೂಳೆಗೆ ಅಯಸ್ಕಾಂತ ಅಂಟಿಸಿ, ಸುರುಳಿಯನ್ನು ಬೇರೆ ಕಡೆ ಇಡುತ್ತಿದ್ದರು. ಎರಡರ ನಡುವಿನ ಅಂತರ ಕೂದಲೆಳೆ ತಪ್ಪಿದರೂ ಶಬ್ದ ಕೆಡುತ್ತಿತ್ತು. ಬಾಲ್ ಅಯಸ್ಕಾಂತವನ್ನೂ ಸುರುಳಿಯನ್ನೂ ಒಂದೇ ಡಬ್ಬಿಗೆ ಸೇರಿಸಿದರು. ಒಳಗಿನ ಅಯಸ್ಕಾಂತ ಒಂದು ಕಡೆ ಅಲುಗಿದರೆ ಡಬ್ಬಿ ಇನ್ನೊಂದು ಕಡೆ ಅಲುಗುತ್ತದೆ, ಡಬ್ಬಿಗೆ ಸಿಕ್ಕಿಸಿದ ಮೂಳೆಯೂ ಅದರೊಂದಿಗೆ ಅಲುಗುತ್ತದೆ. ಇನ್ನೆಲ್ಲೂ ಆಸರೆ ಬೇಡ, ಒಂದೇ ಕಡೆ ಸಿಕ್ಕಿಸಿದರೆ ಸಾಕು. ಡಬ್ಬಿಯ ಉದ್ದ ಸುಮಾರು 2.3 ಮಿಲಿಮೀಟರ್, ತೂಕ 25 ಮಿಲಿಗ್ರಾಂ. ತೂಕ ಜಾಸ್ತಿಯಾದರೆ ಮೂಳೆಯ ಸಹಜ ಅಲುಗಾಟವೇ ಕುಗ್ಗಿ, ತೆಳುವಾದ ಸ್ವರಗಳು ಮೊದಲು ಸಾಯುತ್ತವೆ. ಓದುತ್ತಾ ನನಗೆ ಆ ಮೂರು ರಾತ್ರಿಗಳು ನೆನಪಾದವು. ಅಲುಗುತ್ತಿರುವುದರ ಮೇಲೆ ಏನನ್ನು ಹೊರಿಸಿದರೂ ಅಲುಗಾಟ ಬದಲಾಗುತ್ತದೆ. ನನ್ನ ಇಪ್ಪತ್ತು ಪುಟದ ಮೂಲ ಚಿಂತೆಯೂ ಇದೇ ಆಗಿತ್ತು, ಇವರ ಮೂಲ ಚಿಂತೆಯೂ ಇದೇ.

1996ರಲ್ಲಿ ಜ್ಯೂರಿಕ್‌ನಲ್ಲಿ ಈ ಸಾಧನವನ್ನು ಮೊದಲ ರೋಗಿಗೆ ಇಟ್ಟರು. 2000ದಲ್ಲಿ ಅಮೆರಿಕದ ಒಪ್ಪಿಗೆ ಬಂತು. ಎರಡೇ ವರ್ಷದಲ್ಲಿ ಅದನ್ನು ತಯಾರಿಸುತ್ತಿದ್ದ ಕಂಪನಿ ಮುಚ್ಚಿತು. 2003ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್‌ನ ಮೆಡ್‌ಎಲ್ ಕಂಪನಿ ಅದನ್ನು ಎತ್ತಿಕೊಂಡಿತು, ಬಾಲ್ ಕೂಡ ಅಲ್ಲಿಗೇ ಹೋದರು. ತಮ್ಮ ಎರಡೂ ಕಿವಿಗೆ ತಮ್ಮದೇ ಸಾಧನ ಹಾಕಿಸಿಕೊಂಡವರು ಅವರು.

ಮರುದಿನ ಆ ಪೇಟೆಂಟಿನ ಪ್ರತಿ ಹಿಡಿದೇ ಶಸ್ತ್ರಚಿಕಿತ್ಸೆಯ ಡಾಕ್ಟರ ಹತ್ತಿರ ಹೋದೆ. ಸಾಲ ಮಾಡಿಯಾದರೂ ಇದನ್ನೇ ಹಾಕಿಸೋಣ ಎಂದೆ. ಅವರು ತಾಳ್ಮೆಯಿಂದ ಕೇಳಿ, "ಇದು ಬೇಕಾದವರಿಗೆ ಬಹಳ ಒಳ್ಳೆಯದು. ನಿಮ್ಮ ತಾಯಿಗೆ ಬೇಕಿರೋದು ರಿಪೇರಿ. ಒಳಕಿವಿ ಇಷ್ಟು ಚೆನ್ನಾಗಿರುವಾಗ ಸಣ್ಣ ಪಿಸ್ಟನ್ ಸಾಕು" ಎಂದರು. 1956ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಜಾನ್ ಶೇ, ಬಿಗಿದ ರಿಕಾಪನ್ನು ತೆಗೆದು ಟೆಫ್ಲಾನ್‌ನಲ್ಲಿ ಮಾಡಿದ್ದನ್ನು ಇಟ್ಟಿದ್ದರು. ಅದೇ ವಂಶದ ಪಿಸ್ಟನ್ನು ಇದು, ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದಪ್ಪ, ಬೆಲೆ ಇಂಪ್ಲಾಂಟಿನ ಮುಂದೆ ಏನೇನೂ ಅಲ್ಲ. ಹೊಸ ಆವಿಷ್ಕಾರದ ಮೇಲಿನ ನನ್ನ ಪ್ರೀತಿಯನ್ನು ಅಮ್ಮನ ಕಿವಿಗೆ ಹೊರಿಸಲು ಹೊರಟಿದ್ದೆ. ತಡೆದ ಆ ಡಾಕ್ಟರಿಗೆ ಋಣಿ.

ಕಿವಿಯ ಸುತ್ತ ಮಾತ್ರ ಮರಗಟ್ಟಿಸಿ ಶಸ್ತ್ರಚಿಕಿತ್ಸೆ ಮಾಡಿದರು, ಅಮ್ಮ ಎಚ್ಚರವಾಗಿಯೇ ಇದ್ದಳು. ಪಿಸ್ಟನ್ ಕೂರಿಸಿದ ಮೇಲೆ ಡಾಕ್ಟರು ಮೆಲ್ಲಗೆ, "ಅಮ್ಮಾ, ನಿಮ್ಮೂರು ಯಾವುದು?" ಎಂದು ಕೇಳಿದರಂತೆ. ಅಮ್ಮ ಊರ ಹೆಸರು ಹೇಳಿ, "ಯಾಕೆ ಕೂಗ್ತೀರಿ ಸ್ವಾಮಿ" ಎಂದಳಂತೆ. ಹೊರಗೆ ಬಂದ ನರ್ಸಮ್ಮ ಇದನ್ನು ಹೇಳಿದಾಗ ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಎರಡು ವರ್ಷದ ಮೇಲೆ ಆ ಕೆಲಸ ಬಿಟ್ಟು, ಕಿವಿಯ ಸಾಧನಗಳ ಹೊರಭಾಗದ ಪ್ರೊಸೆಸರಿಗೆ ಸಾಫ್ಟ್‌ವೇರ್ ಬರೆಯುವ ಸಣ್ಣ ತಂಡ ಸೇರಿದೆ. ಕೂದಲ ಮರೆಯಲ್ಲಿ ಕೂರುವ ಈ ಬಿಲ್ಲೆಗೆ ಸಿಗುವುದು ಒಂದು ಗುಂಡಿ ಬ್ಯಾಟರಿಯ ಶಕ್ತಿ. ನಮ್ಮ ಸಾಧನ ಸೆಕೆಂಡಿಗೆ 16,000 ಸಲ ಶಬ್ದವನ್ನು ಅಳೆದು, 32ರ ಕಟ್ಟು ಕಟ್ಟಿ ಸಂಸ್ಕರಿಸುತ್ತಿತ್ತು. ಒಂದು ಕಟ್ಟಿಗೆ ಸಿಗುವ ಸಮಯ ಎರಡು ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ಕಿವಿಯಲ್ಲಿ ಟಕ್ ಎನ್ನುತ್ತದೆ. ಆಗಾಗ ಟಕ್ ಎನ್ನುತ್ತಲೂ ಇತ್ತು. ತಂಡದ ಹುಡುಗ ಕಾರಣ ಹುಡುಕಲು ಪ್ರತಿ ಕಟ್ಟಿಗೂ ಒಂದು ಸಾಲು ಲಾಗ್ ಹಾಕಿದ. ಟಕ್ ಟಕ್ ಎಂಬುದು ಎಡೆಬಿಡದ ಕರಕರವಾಯಿತು. ಲೆಕ್ಕ ಹಾಕಿ ತೋರಿಸಿದೆ: 1,15,200 ಬಾಡ್ ವೇಗದ ಸೀರಿಯಲ್ ತಂತಿಯಲ್ಲಿ ಮೂವತ್ತು ಅಕ್ಷರದ ಸಾಲು ಹೋಗಲು 2.6 ಮಿಲಿಸೆಕೆಂಡ್ ಬೇಕು. ಕೇಳಿಸಿಕೊಳ್ಳಲು ಇದ್ದ ಸಮಯಕ್ಕಿಂತ ಬರೆದುಕೊಳ್ಳುವ ಸಮಯವೇ ಹೆಚ್ಚು.

ಲಾಗ್ ಕಿತ್ತುಹಾಕಿಸಿದೆ. ಚಿಪ್ಪಿನ ಖಾಲಿ ಪಿನ್ ಒಂದನ್ನು ಆರಿಸಿ, ಕಟ್ಟು ಶುರುವಾದಾಗ ಏರಿಸಿ, ಮುಗಿದಾಗ ಇಳಿಸಲು ಹೇಳಿದೆ. ಎರಡೇ ಆಜ್ಞೆ. ಅದಕ್ಕೆ ಹಿಡಿಯುವ ಸಮಯ ಒಂದು ಮೈಕ್ರೊಸೆಕೆಂಡಿಗಿಂತ ಎಷ್ಟೋ ಕಡಿಮೆ. ಆಸಿಲೋಸ್ಕೋಪಿನ ಮೊನೆಯನ್ನು ಆ ಪಿನ್ನಿಗೆ ಸಿಕ್ಕಿಸಿ ದೀಪ ಆರಿಸಿ ಕೂತೆವು. ಹಸಿರು ಗೆರೆ ಏರಿತು, ಇಳಿಯಿತು, ಏರಿತು, ಇಳಿಯಿತು. ಅರ್ಧ ಗಂಟೆಯ ಮೇಲೆ ಒಂದು ಗೆರೆ ಇಳಿಯಲು ತಡಮಾಡಿತು. ಬ್ಯಾಟರಿ ಮಟ್ಟ ನೋಡುವ ಕೋಡು ಮಧ್ಯೆ ನುಗ್ಗುತ್ತಿತ್ತು. ಅದನ್ನು ಪಕ್ಕಕ್ಕೆ ಸರಿಸಿದ ಮೇಲೆ ಟಕ್ ನಿಂತಿತು. ಇದಕ್ಕೆ ಪೇಟೆಂಟ್ ಹಾಕಬಹುದೇ ಎಂದು ಹುಡುಗ ಕೇಳಿದ. ಪಿನ್ ಏರಿಸಿ ಇಳಿಸುವುದು ನಮ್ಮ ಗುರುಗಳ ಗುರುಗಳ ಕಾಲದ್ದು ಎಂದೆ. ಅವನ ಮುಖ ಸಪ್ಪಗಾಯಿತು. ಜಿಪ್ರಾಫ್ ಪ್ರಬಂಧವನ್ನು ಓದಲು ಕೊಟ್ಟೆ.

ಹೋದ ಚಳಿಗಾಲದಲ್ಲಿ ಅಮ್ಮನ ಜೊತೆ ಮತ್ತೆ ಅದೇ ತಿಪಟೂರು ಬಸ್ಸು ಹತ್ತಿದೆ. ಕಿಟಕಿಯ ಗಾಜು ಅದೇ ಗಡಗಡ. ನಾನು ಹಳೆಯ ರೂಢಿಯಂತೆ ದನಿ ಏರಿಸಿ ಏನೋ ಹೇಳತೊಡಗಿದೆ. ಅಮ್ಮ ಸೆರಗಿನ ತುದಿಯನ್ನು ಕಿವಿಗೆ ಒತ್ತಿಕೊಂಡಳು.

"ಏನೇ ಇದು, ಈ ಬಸ್ಸು ಮೊದ್ಲಿಂದ್ಲೂ ಇಷ್ಟು ಸದ್ದು ಮಾಡ್ತಿತ್ತಾ?"

"ಹೂಂ ಕಣಮ್ಮ."

"ಏನೂ ಕೇಳಲ್ಲ ಬಿಡು. ಮನೆಗೆ ಹೋಗಿ ಮಾತಾಡಣ."