ನಾಯಿ ಇರುವ ಮನೆಗೆ ಬೆಕ್ಕು ತರುವ ಮುಂಚೆ

ಗುಬ್ಬಿ, ಕುಣಿಗಲ್ ಕಡೆಯ ನಮ್ಮಂಥ ಖುಷ್ಕಿ ರೈತರಿಗೆ ರಾಗಿ ಮನೆ ಸೇರಿದ ಮೇಲೆ ಇಲಿಯದೇ ಚಿಂತೆ. ಬೆಕ್ಕು ಬೇಕು ಸರಿ, ಆದರೆ ಮೊದಲು ನಿಮ್ಮ ನಾಯಿಯ ಗುಣ ನೋಡಿ. ಕೋಳಿ, ಅಳಿಲು ಓಡಿದ ಕೂಡಲೇ ಬೆನ್ನಟ್ಟುವಂಥದ್ದಾದರೆ ಬೆಕ್ಕಿನ ಆಸೆ ಬಿಡಿ. ಮುಧೋಳದಂಥ ಬೇಟೆ ತಳಿಗೆ ಅದು ಹುಟ್ಟುಗುಣ, ಹೊಡೆದು ಬಿಡಿಸೋಕಾಗಲ್ಲ.

ಮರಿಯನ್ನು 8 ವಾರ ತಾಯಿ ಹತ್ತಿರವೇ ಬಿಡಿ. ತಂದ ಮೇಲೆ ಒಂದು ವಾರವಾದರೂ ಬೇರೆ ಕೋಣೆಯಲ್ಲಿಡಿ. ಅದು ಮಲಗಿದ ಗೋಣಿತಾಟನ್ನು ನಾಯಿ ಮೂಸಲಿ. ಆಮೇಲೆ ನಾಯಿಯನ್ನು ಕಟ್ಟಿ ದೂರದಿಂದ ತೋರಿಸಿ. ಬೆಕ್ಕಿಗೆ ಹತ್ತಿಕೊಳ್ಳಲು ಅಟ್ಟ ಇರಲೇಬೇಕು, ತಟ್ಟೆಯೂ ಅಲ್ಲೇ ಇರಲಿ. ಇಲಿ ಹಿಡಿಯಲಿ ಅಂತ ಉಪವಾಸ ಕೆಡವುವವರಿದ್ದಾರೆ, ಅದು ತಪ್ಪು. ಮುದ್ದೆ, ಹಾಲು ಅನ್ನವೂ ಸಾಲದು, ಮೀನು ಮಾಂಸ ಬೇಕು.

ಮೂರು ತಿಂಗಳಿಗೆ ರೇಬಿಸ್ ಚುಚ್ಚುಮದ್ದು ಹಾಕಿಸಿ, ನಾಯಿಗೂ ತಪ್ಪಿಸಬೇಡಿ. ಬೆಕ್ಕು ಪರಚಿದರೂ 15 ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಎಲ್ಲಕ್ಕಿಂತ ನನಗೆ ಹೆದರಿಕೆ ಇಲಿಪಾಷಾಣದ್ದು. ಜಿಂಕ್ ಫಾಸ್ಫೈಡ್ ಆಗಲಿ, ಬ್ರೋಮಾಡಿಯೋಲೋನ್ ಆಗಲಿ, ತಿಂದ ಇಲಿಯನ್ನು ಬೆಕ್ಕು ತಿಂದರೆ ಅದಕ್ಕೂ ಕಂಟಕ, ನಾಯಿ ಎಳೆದಾಡಿ ತಿಂದರೆ ನಾಯಿಗೂ. ನಮ್ಮ ಕೇರಿಯಲ್ಲಿ ಹೀಗೆ ಎರಡು ಬೆಕ್ಕು ಹೋದವು. ನೀವು ಪಾಷಾಣ ನಿಲ್ಲಿಸಿದರೂ ಪಕ್ಕದ ಹೊಲದವರು ಇಡುತ್ತಾರೋ ಕೇಳಿಕೊಂಡೇ ಮರಿ ತನ್ನಿ.