ಮಡಿಸುವ ಚಾಕುವಿನ ಅಲಗು ಅಲುಗಾಡಿದರೆ ಮಾಡತಕ್ಕ ಕ್ರಮ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಪ್ರಾಂತ್ಯಗಳ ರೈತರಿಗೆ ಹೊಗೆಸೊಪ್ಪಿನ ಹೂತಲೆಯನ್ನು ತೆಗೆಯುವುದಕ್ಕೂ, ಮಾವಿನ ಸಸಿಗೆ ಕಸಿ ಕಟ್ಟುವುದಕ್ಕೂ ಮಡಿಸುವ ಚಾಕು ಅನುಕೂಲವಾದುದು. ಅದರ ಅಲಗು ಸಡಿಲವಾದರೆ ಕಸಿಯ ಕೊಯ್ತವು ಸಮವಾಗುವುದಿಲ್ಲ. ಕಡ್ಡಿಗೂ ಬೇರುಸಸಿಗೂ ನಡುವೆ ಸಂದು ಉಳಿದು ಕಸಿಯು ಒಣಗುವುದು. ಬೆರಳಿಗೂ ಅಪಾಯವುಂಟು.

ಮೊದಲು ಕೀಲಿಗೆ ಅಂಟಿದ ಸೊನೆಯನ್ನೂ ಮಣ್ಣನ್ನೂ ಸೀಮೆಎಣ್ಣೆಯಿಂದ ತೊಳೆದು ಚೆನ್ನಾಗಿ ಒರೆಸಬೇಕು. ಬಳಿಕ ಅಲಗನ್ನು ಪೂರ್ತಿಯಾಗಿ ಬಿಚ್ಚಿ, ಹರಿತವಾದ ಬಾಯಿಗೆ ಬೆರಳು ತಾಗದಂತೆ ಬೆನ್ನಿನ ಕಡೆಯಿಂದ ಹಿಡಿದು, ಅದು ಯಾವ ಕಡೆಗೆ ಆಡುವುದೆಂದು ಮೆಲ್ಲಗೆ ಅಲುಗಿಸಿ ನೋಡತಕ್ಕದ್ದು.

1. ಎಡಕ್ಕೂ ಬಲಕ್ಕೂ ಆಡಿದರೆ: ಕೀಲುಮೊಳೆಯು ಸಡಿಲವಾಗಿದೆಯೆಂದು ತಿಳಿಯಬೇಕು. ತಿರುಪುಮೊಳೆಯಾದರೆ ಸ್ವಲ್ಪಸ್ವಲ್ಪವಾಗಿ ಬಿಗಿಸಬೇಕು. ಬಡಿದು ಕೂರಿಸಿದ ಮೊಳೆಯಾದರೆ, ಅದರ ಒಂದು ತಲೆಯನ್ನು ಅಡಿಗಲ್ಲಿನ ಮೇಲಿಟ್ಟು, ಇನ್ನೊಂದನ್ನು ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟಬೇಕು. ನಾಲ್ಕೈದು ಏಟಿಗೊಮ್ಮೆ ಅಲಗನ್ನು ಮಡಿಸಿ ಬಿಚ್ಚಿ ಪರೀಕ್ಷಿಸತಕ್ಕದ್ದು. ಜೋರಾಗಿ ಬಡಿದರೆ ಮರದ ಅಥವಾ ಕೊಂಬಿನ ಹಿಡಿಯು ಸೀಳುವುದು. ಅಲಗು ತಿರುಗದೆ ನಿಲ್ಲುವುದು.

2. ಮೇಲಕ್ಕೂ ಕೆಳಕ್ಕೂ ಆಡಿದರೆ: ಮೊಳೆಯನ್ನು ತಟ್ಟುವುದರಿಂದ ಪ್ರಯೋಜನವಿಲ್ಲ. ಮೊಳೆಯ ರಂಧ್ರವು ಅಗಲವಾಗಿರುವುದು, ಇಲ್ಲವೆ ಅಲಗಿನ ಬುಡವೂ ಅದನ್ನು ಒತ್ತುವ ಸ್ಪ್ರಿಂಗೂ ಸವೆದಿರುವುವು. ಇಂಥ ಚಾಕುವನ್ನು ಅನುಭವಶಾಲಿಯಾದ ಕಮ್ಮಾರನಿಗೆ ಒಪ್ಪಿಸಬೇಕು. ಅದು ಸರಿಯಾಗುವವರೆಗೆ ಉಪಯೋಗಿಸಕೂಡದು.

ಕೊನೆಗೆ ಕೀಲಿಗೆ ಒಂದು ತೊಟ್ಟು ಎಣ್ಣೆ ಹಾಕಿ, ಕಸಿಗೆ ತಗಲದಂತೆ ಅಲಗನ್ನು ಒರೆಸಿಡಬೇಕು. ಈ ಚಾಕುವಿನಿಂದ ಡಬ್ಬದ ಮುಚ್ಚಳವನ್ನು ಮೀಟುವುದಾಗಲಿ, ಅಲಗನ್ನು ಪಕ್ಕಕ್ಕೆ ತಿರುಚುವುದಾಗಲಿ ಕೂಡದು. ಕೀಲು ಕೆಡುವುದು ಕೊಯ್ಯುವುದರಿಂದಲ್ಲ, ಮೀಟುವುದರಿಂದಲೇ ಹೆಚ್ಚು.