ಫೋಟೋ ಇದೆ, ಆದರೆ ತೆರೆಯೋದಿಲ್ಲ!

ಅಕ್ಕತಂಗಿಯರೇ, ಈಗ ಫೋಟೋ ಇಲ್ಲದೆ ಯಾವ ಕೆಲಸ ಆಗ್ತದೆ ಹೇಳಿ? ಸಂಘದ ಸಾಲಕ್ಕೆ ಫೋಟೋ ಬೇಕು. ಬ್ಯಾಂಕಿನ ಖಾತೆಗೆ ಫೋಟೋ ಬೇಕು. ಮಕ್ಕಳ ವಿದ್ಯಾರ್ಥಿವೇತನಕ್ಕೂ ಫೋಟೋ ಬೇಕು. ಮೊದಲು ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸುತ್ತಿದ್ದೆವು. ಅರ್ಜಿಗೆ ಅಂಟು ಹಚ್ಚಿ ಅಂಟಿಸುತ್ತಿದ್ದೆವು. ಈಗ ಫೋನಿನಲ್ಲೇ ಫೋಟೋ ತೆಗೀತೇವೆ. ಅದನ್ನು ಕಂಪ್ಯೂಟರಿಗೆ ಕಳಿಸ್ತೇವೆ.

ಒಂದು ಉದಾಹರಣೆ ನೋಡೋಣ. ಒಬ್ಬ ತಾಯಿ ಇದ್ದಾಳೆ ಅಂದುಕೊಳ್ಳಿ. ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕು. ನಾಳೆಯೇ ಕೊನೆಯ ದಿನ. ಪಟ್ಟಣದಿಂದ ಬಂದ ತಮ್ಮ ತನ್ನ ಐಫೋನಿನಲ್ಲಿ ಹುಡುಗಿಯ ಫೋಟೋ ತೆಗೆದ. ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ತಾಯಿ ಕೂಲಿ ಬಿಟ್ಟು, ಬಸ್ಸು ಹಿಡಿದು, ಕಂಪ್ಯೂಟರ್ ಅಂಗಡಿಗೆ ಹೋದಳು. ಅಲ್ಲಿನವರು ನೋಡಿದರು. “ಅಮ್ಮಾ, ನಿಮ್ಮ ಫೋಟೋ ಕೆಟ್ಟಿದೆ, ತೆರೆಯೋದಿಲ್ಲ” ಅಂದರು.

ಆ ದಿನದ ಕೂಲಿ ಹೋಯಿತು. ಬಸ್ಸಿನ ದುಡ್ಡು ಹೋಯಿತು. ಇನ್ನು ಅರ್ಜಿಯೂ ತಪ್ಪಿದರೆ?

ಫೋಟೋ ನಿಜವಾಗಿ ಕೆಟ್ಟಿದೆಯೇ? ಬಹಳ ಸಲ ಕೆಟ್ಟಿರೋದಿಲ್ಲ. ಹಾಗಾದರೆ ಯಾಕೆ ತೆರೆಯೋದಿಲ್ಲ? ಬನ್ನಿ, ತಿಳಿಯೋಣ.

ಫೋಟೋಗೂ ಲಿಪಿ ಇದೆ

ಕಂಪ್ಯೂಟರಿನ ಒಳಗೆ ಬಣ್ಣ ಇಲ್ಲ. ಮುಖ ಇಲ್ಲ. ಬರೀ ಅಂಕಿಗಳು ಇವೆ. ಯಾವ ಜಾಗದಲ್ಲಿ ಯಾವ ಬಣ್ಣ ಎಂಬುದನ್ನು ಅದು ಅಂಕಿಗಳಲ್ಲಿ ಬರೆದಿಡುತ್ತದೆ. ಹೀಗೆ ಬರೆದಿಟ್ಟ ಕಂತೆಗೆ ಫೈಲು ಎನ್ನುತ್ತಾರೆ. ಬರೆಯುವ ಕ್ರಮಕ್ಕೆ ಫಾರ್ಮ್ಯಾಟ್ ಎನ್ನುತ್ತಾರೆ. ಈ ಕ್ರಮ ಒಂದೇ ಅಲ್ಲ, ಹಲವು ಇವೆ.

ನಾವು ಈಗ ಕನ್ನಡ ಓದಲು ಕಲಿತಿದ್ದೇವೆ. ನಮ್ಮ ಕೈಗೆ ತಮಿಳಿನಲ್ಲಿ ಬರೆದ ಕಾಗದ ಕೊಟ್ಟರೆ ಓದಬಲ್ಲೆವೇ? ಇಲ್ಲ. ಹಾಗಂತ ಕಾಗದ ಕೆಟ್ಟಿದೆಯೇ? ಅದೂ ಇಲ್ಲ. ತಮಿಳು ಬಲ್ಲವರು ಸಲೀಸಾಗಿ ಓದುತ್ತಾರೆ.

ಕಂಪ್ಯೂಟರೂ ಹಾಗೇ. ತಾನು ಕಲಿತ ಕ್ರಮವನ್ನು ಮಾತ್ರ ಅದು ಓದುತ್ತದೆ. ಕಲಿಯದ ಕ್ರಮ ಬಂದರೆ “ತೆರೆಯೋದಿಲ್ಲ” ಅನ್ನುತ್ತದೆ. ಆಗ ಅನಕ್ಷರಸ್ಥ ಯಾರು? ನಾವಲ್ಲ, ಆ ಕಂಪ್ಯೂಟರು!

ನಾಲ್ಕು ಬಗೆ ತಿಳಿದರೆ ಸಾಕು

ಜೆಪಿಜಿ: ಈ ಕ್ರಮ 1992ರಲ್ಲಿ ಒಪ್ಪಿಗೆ ಪಡೆಯಿತು. ಇದನ್ನು ಓದದ ಕಂಪ್ಯೂಟರು, ಫೋನು ಸಿಗೋದು ಕಷ್ಟ. ಹೆಚ್ಚಿನ ಅರ್ಜಿಗಳು ಇದನ್ನೇ ಕೇಳುತ್ತವೆ. ಇದನ್ನು ಜೆಪೆಗ್ ಎಂದೂ ಕರೆಯುತ್ತಾರೆ.

ಪಿಎನ್‌ಜಿ: ಇದು 1996ರಲ್ಲಿ ಬಂತು. ಇದನ್ನೂ ಎಲ್ಲ ಕಡೆ ಓದುತ್ತಾರೆ. ಫೋನಿನ ಪರದೆಯನ್ನೇ ಚಿತ್ರ ಹಿಡಿದಾಗ ಬಹಳ ಫೋನುಗಳು ಈ ಬಗೆಯಲ್ಲಿ ಇಡುತ್ತವೆ.

ವೆಬ್‌ಪಿ: ಗೂಗಲ್ ಕಂಪನಿ 2010ರಲ್ಲಿ ಇದನ್ನು ತಂದಿತು. ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರಗಳು ಈ ಬಗೆಯಲ್ಲಿ ಇರಬಹುದು. ಹಳೆಯ ಕಂಪ್ಯೂಟರುಗಳಲ್ಲಿ ಇದು ತೆರೆಯದೇ ಇರಬಹುದು.

ಎಚ್‌ಇಐಸಿ: 2017ರಿಂದ ಐಫೋನುಗಳು ಫೋಟೋಗಳನ್ನು ಈ ಬಗೆಯಲ್ಲಿ ಇಡತೊಡಗಿದವು. ಯಾಕೆ? ಅದೇ ಫೋಟೋ ಜೆಪಿಜಿಯ ಸುಮಾರು ಅರ್ಧ ಜಾಗದಲ್ಲಿ ಹಿಡಿಸುತ್ತದೆ. ಫೋನಿನಲ್ಲಿ ಹೆಚ್ಚು ಫೋಟೋ ಇಡಬಹುದು. ಆದರೆ ಹಳೆಯ ವಿಂಡೋಸ್ ಕಂಪ್ಯೂಟರಿಗೆ ಇದು ಗೊತ್ತಿಲ್ಲ. ವಿಂಡೋಸ್ 10ಕ್ಕೂ ಒಂದು ಚಿಕ್ಕ ತಂತ್ರಾಂಶ ಸೇರಿಸಬೇಕಾಗಬಹುದು.

ಆ ತಾಯಿ ತಂದದ್ದು ಇದೇ ಬಗೆಯ ಫೋಟೋ. ಫೋಟೋ ಸರಿಯಾಗಿಯೇ ಇತ್ತು. ಅಂಗಡಿಯ ಕಂಪ್ಯೂಟರಿಗೆ ಓದಲು ಬರಲಿಲ್ಲ, ಅಷ್ಟೇ.

ಹೆಸರಿನ ಬಾಲ ನೋಡಿ

ಪ್ರತಿ ಫೈಲಿಗೂ ಹೆಸರು ಇರುತ್ತದೆ. ಹೆಸರಿನ ಕೊನೆಗೆ ಒಂದು ಚುಕ್ಕೆ. ಚುಕ್ಕೆಯ ನಂತರ ಮೂರೋ ನಾಲ್ಕೋ ಇಂಗ್ಲಿಷ್ ಅಕ್ಷರ. ಅದೇ ಫೈಲಿನ ಬಾಲ. ಫೈಲು ಯಾವ ಬಗೆಯದು ಎಂದು ಬಾಲ ಹೇಳುತ್ತದೆ. ಕೆಲವು ಕಂಪ್ಯೂಟರು ಬಾಲವನ್ನು ಅಡಗಿಸಿಡುತ್ತವೆ. ತೋರಿಸಲು ಕೇಳಿ.

ಇಂಗ್ಲಿಷ್ ಅಕ್ಷರ ಬಾರದಿದ್ದರೆ ಚಿಂತೆ ಬೇಡ. ಮೇಲಿನ ನಾಲ್ಕು ಹೆಸರನ್ನು ಮಕ್ಕಳ ಕೈಲಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಚೀಟಿ ಜೊತೆಗಿರಲಿ. ಬಾಲವನ್ನು ಚೀಟಿಗೆ ಹೋಲಿಸಿ ನೋಡಿ.

ಬಾಲ ಬದಲಿಸಿದರೆ ಸಾಲದು

ಕೆಲವರು ಎಚ್‌ಇಐಸಿ ಎಂಬ ಬಾಲ ಅಳಿಸುತ್ತಾರೆ. ಜೆಪಿಜಿ ಎಂದು ಬರೆಯುತ್ತಾರೆ. ಇದರಿಂದ ಪ್ರಯೋಜನ ಇಲ್ಲ. ತಮಿಳು ಕಾಗದವನ್ನು ಕನ್ನಡದಲ್ಲಿ ವಿಳಾಸ ಬರೆದ ಲಕೋಟೆಯೊಳಗೆ ಇಟ್ಟರೆ ಕಾಗದ ಕನ್ನಡ ಆಗ್ತದೆಯೇ? ಒಳಗಿನದನ್ನು ಹೊಸದಾಗಿ ಬರೆಸಬೇಕು. ಫೋಟೋವನ್ನೂ ಜೆಪಿಜಿ ಕ್ರಮದಲ್ಲಿ ಹೊಸದಾಗಿ ಉಳಿಸಬೇಕು.

ಏನು ಮಾಡಬೇಕು?

1. ತೆಗೆದ ಫೋನಿನಲ್ಲಿ ಫೋಟೋ ತೆರೆಯಿರಿ. ಅಲ್ಲಿ ಕಂಡರೆ ಫೋಟೋ ಚೆನ್ನಾಗಿದೆ ಎಂದು ತಿಳಿಯಿರಿ.

2. ಬಾಲ ನೋಡಿ. ಜೆಪಿಜಿ ಅಲ್ಲವಾದರೆ, ಅದು ತೆರೆಯುವ ಕಂಪ್ಯೂಟರಿನಲ್ಲಿ ತೆರೆದು ಜೆಪಿಜಿ ಮಾಡಿ ಉಳಿಸಲು ಹೇಳಿ. ವಿಂಡೋಸ್ ಕಂಪ್ಯೂಟರಿನ ಪೇಂಟ್‌ನಲ್ಲಿ, ಮ್ಯಾಕ್ ಕಂಪ್ಯೂಟರಿನ ಪ್ರಿವ್ಯೂನಲ್ಲಿ ಇದನ್ನು ಮಾಡಬಹುದು.

3. ಹತ್ತಿರ ಅಂಥ ಕಂಪ್ಯೂಟರು ಇಲ್ಲವೇ? ಐಫೋನಿನಿಂದ ವಾಟ್ಸಾಪಿನಲ್ಲಿ ಫೋಟೋ ಆಗಿಯೇ ಕಳಿಸಿ. ಅದು ಜೆಪಿಜಿ ಆಗಿ ಬರುತ್ತದೆ. ಸ್ಪಷ್ಟತೆ ಸ್ವಲ್ಪ ಕಡಿಮೆ ಆಗಬಹುದು. ಡಾಕ್ಯುಮೆಂಟ್ ಎಂದು ಕಳಿಸಿದರೆ ಮಾತ್ರ ಇದ್ದ ಬಗೆಯಲ್ಲೇ ಹೋಗುತ್ತದೆ.

4. ಐಫೋನ್ ಇದ್ದವರು ಸೆಟ್ಟಿಂಗ್ಸ್ ತೆರೆಯಿರಿ. ಕ್ಯಾಮೆರಾ ಒತ್ತಿ. ಫಾರ್ಮ್ಯಾಟ್ಸ್ ಒತ್ತಿ. ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ. ಮುಂದೆ ತೆಗೆಯುವ ಫೋಟೋಗಳು ಜೆಪಿಜಿ ಆಗಿರುತ್ತವೆ. ಹಳೆಯವು ಬದಲಾಗೋದಿಲ್ಲ.

5. ಜೆಪಿಜಿ ಆಗಿದ್ದೂ ತೆರೆಯೋದಿಲ್ಲವೇ? ಆಗ ಕಾಗದ ಹರಿದಂತೆ ಫೈಲು ಅರ್ಧಕ್ಕೆ ನಿಂತಿರಬಹುದು. ಕಳಿಸುವಾಗ ನೆಟ್‌ವರ್ಕ್ ಹೋಗಿರಬಹುದು. ಪೆನ್‌ಡ್ರೈವನ್ನು ಬೇಗ ಕಿತ್ತಿರಬಹುದು. ಫೈಲಿನ ಅಳತೆ ನೋಡಿ. ಸೊನ್ನೆ ಇದ್ದರೆ ಒಳಗೆ ಏನೂ ಇಲ್ಲ. ಮತ್ತೆ ಕಳಿಸಿ.

ತೆರೆಯಿತು, ಆದರೆ ಅರ್ಜಿ ಒಪ್ಪಲಿಲ್ಲ

ಹೀಗೂ ಆಗ್ತದೆ. ಇಲ್ಲಿ ತೊಂದರೆ ಬಗೆಯದಲ್ಲ, ಗಾತ್ರದ್ದು. ಅಕ್ಕಿಯನ್ನು ಕಿಲೋದಲ್ಲಿ ಅಳೆಯುತ್ತೇವೆ. ಫೈಲನ್ನು ಕೆಬಿ, ಎಂಬಿಯಲ್ಲಿ ಅಳೆಯುತ್ತಾರೆ. ಕಂಪ್ಯೂಟರಿನ ಲೆಕ್ಕದಲ್ಲಿ 1 ಎಂಬಿ ಎಂದರೆ 1024 ಕೆಬಿ. ಅರ್ಜಿ 50 ಕೆಬಿಯ ಒಳಗಿನ ಫೋಟೋ ಕೇಳುತ್ತದೆ ಅನ್ನಿ. ನಮ್ಮ ಫೋಟೋ 3 ಎಂಬಿ ಇದೆ, ಅಂದರೆ 3072 ಕೆಬಿ. ಸಣ್ಣ ಬಾಗಿಲಲ್ಲಿ ದೊಡ್ಡ ಗಾಡಿ ತೂರೀತೇ? ಫೋಟೋ ಚಿಕ್ಕದು ಮಾಡಿಸಬೇಕು.

ಎಚ್ಚರ ಇರಲಿ

ಮೂಲ ಫೋಟೋ ಅಳಿಸಬೇಡಿ. ನಕಲನ್ನು ಮಾತ್ರ ಬದಲಿಸಿ. ಚಿಕ್ಕದು ಮಾಡಿದ ಫೋಟೋವನ್ನು ಮೊದಲಿನಷ್ಟು ಚೆನ್ನಾಗಿ ಮಾಡಲು ಆಗೋದಿಲ್ಲ.

“ಫೋಟೋ ಬದಲಿಸಿ ಕೊಡುತ್ತೇವೆ” ಎನ್ನುವ ಜಾಲತಾಣಗಳು ಬಹಳ ಇವೆ. ಗೊತ್ತಿಲ್ಲದ ಕಡೆ ಆಧಾರ್ ಕಾರ್ಡು, ಪಾಸ್‌ಬುಕ್ಕುಗಳ ಚಿತ್ರ ಹಾಕಬೇಡಿ. ಫೋಟೋ ತೆರೆಯಲು ಯಾವ ಓಟಿಪಿಯೂ ಬೇಡ. ಯಾರಾದರೂ ಕೇಳಿದರೆ ಅದು ಮೋಸ. ಅಂಗಡಿಯಲ್ಲಿ ಕೆಲಸ ಮುಗಿದ ಮೇಲೆ ಆ ಕಂಪ್ಯೂಟರಿನಲ್ಲಿ ಉಳಿದ ನಿಮ್ಮ ನಕಲು ಅಳಿಸಲು ಹೇಳಿ.

ಕೊನೆಯ ದಿನದವರೆಗೆ ಕಾಯಬೇಡಿ. ಎರಡು ದಿನ ಮೊದಲೇ ಹೋದರೆ ಸರಿಪಡಿಸಲು ಸಮಯ ಸಿಗುತ್ತದೆ.

ಕೇಳಲು ನಾಚಿಕೆ ಬೇಡ

“ಕೆಟ್ಟಿದೆ” ಎಂದು ಯಾರಾದರೂ ಹೇಳಿದರೆ ಸುಮ್ಮನೆ ಮರಳಬೇಡಿ. ಹೀಗೆ ಕೇಳಿ: “ಇದು ಯಾವ ಬಗೆಯ ಫೈಲು? ಬಾಲ ತೋರಿಸಿ. ಜೆಪಿಜಿ ಮಾಡಿ ಕೊಡಿ. ಎಷ್ಟು ಕೆಬಿ ಇರಬೇಕು?” ಈ ನಾಲ್ಕು ಮಾತು ಕಲಿತರೆ ನಮ್ಮ ಕೂಲಿಯೂ ಉಳಿದೀತು, ಮಕ್ಕಳ ಅರ್ಜಿಯೂ ಉಳಿದೀತು.

ಹೊಸ ಪದಗಳು
ಫೈಲು – ಕಂಪ್ಯೂಟರಿನಲ್ಲಿ ಬರೆದಿಟ್ಟ ಕಂತೆ
ಫಾರ್ಮ್ಯಾಟ್ – ಬರೆದಿಡುವ ಕ್ರಮ
ಗಾತ್ರ – ಫೈಲು ಹಿಡಿಯುವ ಜಾಗ
ಮೂಲ – ಮೊದಲು ತೆಗೆದದ್ದು

ಉತ್ತರ ಹೇಳಿ
1. ಐಫೋನಿನ ಫೋಟೋ ಹಳೆಯ ಕಂಪ್ಯೂಟರಿನಲ್ಲಿ ಯಾಕೆ ತೆರೆಯೋದಿಲ್ಲ?
2. ಹೆಸರಿನ ಬಾಲ ಮಾತ್ರ ಬದಲಿಸಿದರೆ ಏನಾಗುತ್ತದೆ?
3. 2 ಎಂಬಿ ಎಂದರೆ ಎಷ್ಟು ಕೆಬಿ?

ಮಾಡಿ ನೋಡಿ
ನಿಮ್ಮ ಫೋನಿನ ಒಂದು ಫೋಟೋದ ಬಾಲ ಮತ್ತು ಗಾತ್ರ ನೋಡಿ. ಎರಡನ್ನೂ ಪುಸ್ತಕದಲ್ಲಿ ಬರೆಯಿರಿ. ಪಕ್ಕದ ಅಕ್ಕನಿಗೂ ತೋರಿಸಿಕೊಡಿ.